ಗಡಿ ಊರಿನ ಕಥೆಯನ್ನು 1956ರಿಂದ ಶುರು ಮಾಡ್ಬೇಡಿ

ಗಡಿಯಲ್ಲಿರುವ ನಿಮ್ಮ ಸಣ್ಣ ಊರಿನ ಇತಿಹಾಸ ಬರೀಲಿಕ್ಕುಂಟು, ಭಾಷೆ ಪ್ರಕಾರ ರಾಜ್ಯಗಳಾದ 1956ರಿಂದ ಶುರು ಮಾಡಿ, ಊರು ಯಾವ ರಾಜ್ಯಕ್ಕೆ ಸೇರ್ಬೇಕು ಅನ್ನುವ ಹೋರಾಟದಲ್ಲಿದ್ದ ಹಿರಿಯರನ್ನು ಮಾತಾಡಿಸಿದ್ರೆ ಸಾಕಾ, ಇಲ್ಲ ಹಳೇ ಗೆಜೆಟಿಯರ್ ಎಲ್ಲ ಹುಡುಕ್ಬೇಕಾ ಅಂತ ಕೇಳಿದ್ದೀರಿ. ನಾನು 2006ರಲ್ಲಿ ಇದೇ ಪ್ರಶ್ನೆ ಇಟ್ಕೊಂಡು ನೋಟ್‌ಬುಕ್ ಹಿಡ್ಕೊಂಡು ಮನೆಮನೆ ತಿರುಗಿದವ. ಆಗ ಮಾಡಿದ ಒಂದು ತಪ್ಪು ಇವತ್ತಿಗೂ ಸರಿ ಮಾಡ್ಲಿಕ್ಕೆ ಆಗ್ಲಿಲ್ಲ, ಹಾಗಾಗಿ ಉದ್ದ ಬರೀತೇನೆ, ಬೇಜಾರು ಮಾಡ್ಬೇಡಿ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ. ಮಂಗಳೂರಿಂದ ಬರುವಾಗ ತಲಪಾಡಿ ದಾಟಿದ್ರೆ ಕುಂಜತ್ತೂರು, ಉದ್ಯಾವರ, ಆಮೇಲೆ ನಾವು. ಮಂಗಳೂರಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ನಮ್ಮ ರಾಜಧಾನಿ ತಿರುವನಂತಪುರಕ್ಕೆ 600ರ ಹತ್ರ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ವಿಲೇಜ್ ಆಫೀಸಲ್ಲಿ ಮಲಯಾಳ, ಮೀನು ಮಾರ್ಕೆಟಲ್ಲಿ ಬ್ಯಾರಿ, ಪೇಟೆಯ ಹಳೇ ಅಂಗಡಿಗಳಲ್ಲಿ ಕೊಂಕಣಿ, ಉಪ್ಪಳ ಪೇಟೆಗೆ ಹೋದ್ರೆ ಉರ್ದುವೂ ಕೇಳ್ತದೆ. ಚಿಕ್ಕಂದಿನಲ್ಲಿ ನಮಗೆ ಓಣಂ ಪರೀಕ್ಷೆ, ಓಣಂ ರಜೆ. ಮಂಗಳೂರಿನ ಚಿಕ್ಕಪ್ಪನ ಮಕ್ಕಳಿಗೆ ದಸರಾ ರಜೆ. ಒಟ್ಟಿಗೆ ಆಡ್ಲಿಕ್ಕೆ ಸಿಗ್ತಿದ್ದದ್ದು ಎಪ್ರಿಲ್ ಮೇಯಲ್ಲಿ ಮಾತ್ರ. ನನಗೆ ಗಡಿ ಅಂದ್ರೆ ಮೊದಲು ಗೊತ್ತಾದದ್ದೇ ಹೀಗೆ.

2006 ಅಂದ್ರೆ 1956 ನವೆಂಬರ್ 1ಕ್ಕೆ ಐವತ್ತು ವರ್ಷ ಆಯ್ತಲ್ಲ, ನಮ್ಮ ಊರಿನ ಒಂದು ಕ್ಲಬ್ಬಿನವರು ಸ್ಮರಣ ಸಂಚಿಕೆ ತರ್ತೇವೆ ಅಂತ ಹೊರಟ್ರು. ನನಗೆ ಆಗ 24, ಕನ್ನಡ ಎಂ.ಎ. ಮುಗಿಸಿ ಕೆಲಸ ಹುಡುಕ್ತಾ ಇದ್ದೆ, ಊರಿನ ಬಗ್ಗೆ ಲೇಖನ ನೀನೇ ಬರಿ ಅಂದ್ರು. ನಾನು ನಿಮ್ಮ ಹಾಗೇ ಯೋಚನೆ ಮಾಡಿದೆ. ಅಲ್ಲಿವರೆಗೆ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ, ರಾಜ್ಯಗಳ ಪುನರ್ವಿಂಗಡಣೆಗೆ ನೇಮಿಸಿದ ಫಜಲ್ ಅಲಿ ಆಯೋಗದ ಶಿಫಾರಸಿನ ಪ್ರಕಾರ ಕಾಸರಗೋಡು ತಾಲೂಕು ಪೂರ್ತಿ ಕೇರಳಕ್ಕೆ ಹೋಯ್ತು, 1966ರಲ್ಲಿ ಗಡಿ ತಕರಾರು ನೋಡ್ಲಿಕ್ಕೆ ಮಹಾಜನ ಆಯೋಗ ನೇಮಕ ಆಯ್ತು, 1967ರಲ್ಲಿ ಅದು ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರುವ ಭಾಗ ಮೈಸೂರು ರಾಜ್ಯಕ್ಕೆ ಸೇರ್ಬೇಕು ಅಂತ ವರದಿ ಕೊಟ್ಟಿತು, ಅದು ಜಾರಿ ಆಗ್ಲೇ ಇಲ್ಲ. ಈ ದಾರದಲ್ಲಿ ಎಲ್ಲ ಪೋಣಿಸಿದ್ರೆ ಊರಿನ ಇತಿಹಾಸ ಆಯ್ತು ಅಂದ್ಕೊಂಡೆ. ಒಟ್ಟು 14 ಜನರನ್ನು ಮಾತಾಡಿಸಿದೆ. 13 ಜನ ಗಂಡಸರು, ಹೆಚ್ಚಿನವರು ರಿಟೈರ್ಡ್ ಮಾಷ್ಟ್ರುಗಳು. ಹದಿನಾಲ್ಕನೆಯವರು ನಮ್ಮ ಮನೆ ಪಕ್ಕದ ಅಜ್ಜಿ.

ಅವರನ್ನು ಯಾಕೆ ಸೇರಿಸಿದೆ ಅಂದ್ರೆ, ಹೆಂಗಸರದ್ದೂ ಒಂದು ಇರ್ಲಿ ಅಂತ ಸಂಪಾದಕರು ಹೇಳಿದ್ರು, ಅಷ್ಟೆ. ಅಜ್ಜಿಗೆ ಆಗ 75ರ ಹತ್ರ. ಬೀಡಿ ಕಟ್ತಿದ್ರು. ನಾನು ಹೋದಾಗ ಚಾವಡಿಯಲ್ಲಿ ಕಾಲು ಚಾಚಿ ಕೂತು, ಮಡಿಲಲ್ಲಿ ತಡ್ಪೆ, ಅಂದ್ರೆ ಗೆರಸೆ ಇಟ್ಕೊಂಡಿದ್ರು. ಒದ್ದೆ ಎಲೆ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿ ಆಡಿಸುದು, ಚಿಟಿಕೆ ಹೊಗೆಸೊಪ್ಪು ಉದುರಿಸಿ ಸುರುಳಿ ಸುತ್ತುದು, ತಲೆ ಮಡಚಿ ನೂಲು ಹಾಕುದು, ಇಷ್ಟೂ ಆಗುವಾಗ ಅವರು ಕೈ ಕಡೆ ನೋಡ್ತಾನೇ ಇರ್ಲಿಲ್ಲ. ನನಗೆ ಒಳಗಿಂದ ಕುರ್ಚಿ ತರಿಸಿ ಕೊಟ್ರು. ನಾನು ಕುರ್ಚಿಯಲ್ಲಿ, ಅವರು ನೆಲದಲ್ಲಿ.

ನಾನು ಕೇಳಿದ ಪ್ರಶ್ನೆ ಇವತ್ತಿಗೂ ಬಾಯಿಪಾಠ ಉಂಟು. "ಅಜ್ಜಿ, 1956ರಲ್ಲಿ ನಮ್ಮ ಊರು ಕೇರಳದಲ್ಲಿ ವಿಲೀನ ಆದಾಗ ನಿಮಗೆ ಹೇಗೆ ಅನ್ನಿಸ್ತು?" ಹೀಗೇ, ಪುಸ್ತಕದ ಕನ್ನಡದಲ್ಲಿ. ಅಜ್ಜಿ ತಲೆ ಎತ್ತದೆ "ದಾಲ ಇಜ್ಜಿ ಮಗಾ" ಅಂದ್ರು. ಎಂತ ಇಲ್ಲ ಮಗಾ, ಅಂತ. ಇನ್ನೊಂದು ಸಲ ಬೇರೆ ರೀತಿಯಲ್ಲಿ ಕೇಳಿದೆ, ಏಕೀಕರಣ, ಹೋರಾಟ ಅಂತೆಲ್ಲ ಹೇಳಿ. ಅದಕ್ಕೂ ಅದೇ ಉತ್ತರ. ಹತ್ತು ನಿಮಿಷದಲ್ಲಿ ಚಾ ಕುಡಿದು ಎದ್ದು ಬಂದೆ.

ಲೇಖನದಲ್ಲಿ ಬರೆದೆ: ದುಡಿಯುವ ವರ್ಗದಲ್ಲಿ ಗಡಿ ಪ್ರಶ್ನೆಯ ಬಗ್ಗೆ ಅರಿವು ಇರಲಿಲ್ಲ ಎಂಬುದಕ್ಕೆ ಬೀಡಿ ಕಟ್ಟುವ ನಮ್ಮ ನೆರೆಮನೆಯ ವೃದ್ಧೆಯೇ ಸಾಕ್ಷಿ. ಹೆಸರು ಹಾಕ್ಲಿಲ್ಲ. ಆದ್ರೆ ನಮ್ಮ ಮನೆಗೆ ನೆರೆಮನೆ ಅಂತ ಇದ್ದದ್ದೇ ಒಂದು. ಸಂಚಿಕೆ ಊರಿನ ಎಲ್ಲ ಮನೆಗೆ ಹಂಚಿದ್ರು, ಅಜ್ಜಿಯ ಮೊಮ್ಮಗಳು ಆಗ ಏಳನೇ ಕ್ಲಾಸು, ಕನ್ನಡ ಮೀಡಿಯಂ, ಅವಳು ಅಜ್ಜಿಗೆ ಪುಟ ಪುಟ ಜೋರಾಗಿ ಓದಿ ಹೇಳಿದ್ದಾಳೆ. ಆ ವಾಕ್ಯವನ್ನೂ ಓದಿದ್ದಾಳೆ.

ಒಂದೆರಡು ವಾರ ಬಿಟ್ಟು ಅಜ್ಜಿ ಸಿಕ್ಕಿದಾಗ ನಾನು ನಗಾಡಿದೆ. ಅವರು ನಿಂತು, "ಈರ್ ಏಪ ಬತ್ತಿನಿ?" ಅಂತ ಕೇಳಿದ್ರು. ನೀವು ಯಾವಾಗ ಬಂದದ್ದು ಅಂತ. ತುಳು ಗೊತ್ತಿಲ್ಲದವರಿಗೆ ಹೇಳ್ತೇನೆ, ತುಳುವಿನಲ್ಲಿ "ಈ" ಅಂದ್ರೆ ನೀನು, "ಈರ್" ಅಂದ್ರೆ ನೀವು. ನನ್ನನ್ನು ಎಣ್ಣೆ ಹಚ್ಚಿ ಮೀಯಿಸಿದ ಅಜ್ಜಿ ಅವರು, 24 ವರ್ಷ "ಈ" ಅಂತ ಕರೆದವರು. ಆ ದಿನದಿಂದ ಸಾಯುವವರೆಗೆ, ಅಂದ್ರೆ 2013ರವರೆಗೆ, ನನಗೆ "ಈರ್" ಆಯ್ತು. "ಮಗಾ" ಅನ್ನುದು ನಿಂತೇ ಹೋಯ್ತು. ಕ್ಷಮೆ ಕೇಳ್ಲಿಕ್ಕೆ ಹೋದೆ. ಒಮ್ಮೆ ಅಲ್ಲ, ಮೂರು ಸಲ. "ನನಗೆ ಅರಿವು ಇಲ್ಲ ಅಲ್ವಾ, ಇರುವವರ ಹತ್ರ ಕೇಳಿ" ಅಂತ ಹೇಳಿ ತಡ್ಪೆ ಮಡಿಲಿಗೆ ಎಳ್ಕೊಂಡ್ರು.

ಅಮ್ಮನ ಹತ್ರ ಹೇಳಿದಾಗ ಅಮ್ಮ ಸುಮಾರು ಹೊತ್ತು ಸುಮ್ಮನೆ ಇದ್ದು, ಆಮೇಲೆ ಹೇಳಿದ್ರು, ನೀನು ಅವರ ಮನೆಯ ಜಾಗ ಯಾರದ್ದು ಅಂತ ಯಾವತ್ತಾದ್ರೂ ಕೇಳಿದ್ದೀಯಾ ಅಂತ.

ನಮ್ಮ ತೆಂಗಿನ ತೋಟದ ನಟ್ಟನಡುವೆ ಹತ್ತು ಸೆಂಟ್ಸ್ ಜಾಗ, ಸುತ್ತ ಬೇಲಿ, ಒಳಗೆ ಒಂದು ಸಣ್ಣ ಮನೆ, ಒಂದು ಬಾವಿ, ಐದು ತೆಂಗಿನ ಮರ. ಹುಟ್ಟಿದಾಗಿಂದ ನೋಡಿದ್ದೇನೆ. ನಮ್ಮ ತೋಟದ ಮಧ್ಯದಲ್ಲಿ ಇನ್ನೊಬ್ಬರ ಜಾಗ ಹೇಗೆ ಬಂತು ಅಂತ ಒಂದು ದಿನವೂ ತಲೆಗೆ ಹೋಗ್ಲಿಲ್ಲ. ಕೇರಳದ ಭೂಸುಧಾರಣೆ ತಿದ್ದುಪಡಿ ಕಾನೂನು 1970 ಜನವರಿ 1ಕ್ಕೆ ಜಾರಿಗೆ ಬಂತು. ಅದರಲ್ಲಿ ಗೇಣಿದಾರರಿಗೆ ಭೂಮಿ ಸಿಕ್ಕಿದ್ದು ಎಲ್ಲರಿಗೂ ಗೊತ್ತುಂಟು. ಅದೇ ಕಾನೂನಿನಲ್ಲಿ ಕುಡಿಕಿಡಪ್ಪು ಅಂತ ಇನ್ನೊಂದು ಉಂಟು. ಬೇರೆಯವರ ಜಾಗದಲ್ಲಿ ಗುಡಿಸಲು ಕಟ್ಟಿ ಕೂತವರನ್ನು ಎಬ್ಬಿಸ್ಲಿಕ್ಕಿಲ್ಲ, ಪಂಚಾಯತು ಪ್ರದೇಶದಲ್ಲಾದ್ರೆ ಹತ್ತು ಸೆಂಟ್ಸ್ ಜಾಗ ಕಡಿಮೆ ದರಕ್ಕೆ ತಮ್ಮ ಹೆಸರಿಗೆ ಮಾಡ್ಕೊಳ್ಬಹುದು. ಕಾನೂನು ಪುಸ್ತಕದಲ್ಲಿ ಬಂದ ಕೂಡ್ಲೇ ಜಾಗ ಬರ್ತದಾ? 1970ರಲ್ಲಿ ಕೇರಳದಲ್ಲಿ ತುಂಬ ಕಡೆ ಗುಡಿಸಲಿನವರು ತಾವೇ ಹತ್ತು ಸೆಂಟ್ಸಿಗೆ ಬೇಲಿ ಹಾಕಿದ್ರು. ನಮ್ಮ ಪಕ್ಕದ ಮನೆ ಅಜ್ಜಿಯೂ ಹಾಕಿದ್ರು, ಒಬ್ಬರೇ, ತೆಂಗಿನ ಮಡಲಿನ ಬೇಲಿ. ಯಾರ ಜಾಗದಲ್ಲಿ? ನನ್ನ ಅಜ್ಜನ ಜಾಗದಲ್ಲಿ.

ಅಜ್ಜ ಬೇಲಿ ಕಿತ್ತು ಹಾಕಿಸಿದ್ರಂತೆ. ಅಜ್ಜಿ ಪುನಃ ಹಾಕಿದ್ರು. ಮಗುವನ್ನು ಸೊಂಟದಲ್ಲಿ ಇಟ್ಕೊಂಡು ಕಾಸರಗೋಡಿಗೆ ರೈಲಿನಲ್ಲಿ ಹೋಗಿ ಟ್ರಿಬ್ಯೂನಲ್ಲಿನ ಎದುರು ನಿಂತು, ಕೊನೆಗೆ ಪಟ್ಟಯ, ಅಂದ್ರೆ ಜಾಗದ ಹಕ್ಕುಪತ್ರ, ಮಾಡಿಸ್ಕೊಂಡೇ ಬಂದ್ರು. ಇಲ್ಲಿ ಇನ್ನೊಂದು ವಿಷಯ ಉಂಟು, ನನ್ನ ಅಜ್ಜ ದೊಡ್ಡ ಜಮೀನ್ದಾರ ಏನಲ್ಲ, ಅವರೂ ಚಾಲಗೇಣಿಯವರೇ, ಅಂದ್ರೆ ಬೇರೆಯವರ ಜಾಗ ಗೇಣಿಗೆ ಮಾಡ್ತಿದ್ದವರು, ತೋಟ ಅವರ ಹೆಸರಿಗೆ ಆದದ್ದೂ ಅದೇ ಕಾನೂನಿಂದ. ಅದೇ ಕಾನೂನು ಅಜ್ಜನಿಗೆ ತೋಟ ಕೊಟ್ಟಿತು, ತೋಟದೊಳಗಿನ ಹತ್ತು ಸೆಂಟ್ಸ್ ಅಜ್ಜಿಗೆ ಕೊಟ್ಟಿತು. ನಮ್ಮ ಮನೆಯಲ್ಲಿ ಮೊದಲಿನ ಅರ್ಧ ಕಥೆಯನ್ನು ನೂರು ಸಲ ಹೇಳಿದ್ದಾರೆ, ಉಳಿದ ಅರ್ಧ ನನ್ನ ಕಿವಿಗೆ ಬೀಳ್ಲಿಕ್ಕೆ 24 ವರ್ಷ ಬೇಕಾಯ್ತು.

ಇದಕ್ಕೂ 1956ಕ್ಕೂ ಎಂತ ಸಂಬಂಧ ಅಂತ ಕೇಳ್ಬಹುದು. ಅಜ್ಜಿಯ ತಂಗಿಯನ್ನು ಕೊಟ್ಟದ್ದು ಕಿನ್ಯಕ್ಕೆ, ಗಡಿಯ ಆಚೆ, ನಡ್ಕೊಂಡೇ ಹೋಗುವಷ್ಟು ದೂರ. ಅವರೂ ಗೇಣಿ ಒಕ್ಕಲು. ಆಚೆ ಕಡೆ ಗೇಣಿ ರದ್ದಾದದ್ದು ದೇವರಾಜ ಅರಸರ ಕಾಲದಲ್ಲಿ, 1974 ಮಾರ್ಚ್ 1ಕ್ಕೆ. ಆಮೇಲೆ ಡಿಕ್ಲರೇಶನ್ ಕೊಡ್ಬೇಕು, ಟ್ರಿಬ್ಯೂನಲ್ಲಿಗೆ ಓಡ್ಬೇಕು. ಅಕ್ಕನಿಗೆ ಒಂದು ಸರ್ಕಾರದ ಕಾನೂನು, ತಂಗಿಗೆ ಇನ್ನೊಂದರದ್ದು, ನಡುವೆ ನಾಲ್ಕು ವರ್ಷ. ಗಡಿ ಎಂಬುದು ಅಜ್ಜಿಗೆ ಗೊತ್ತಿದ್ದಷ್ಟು ನಾನು ಮಾತಾಡಿಸಿದ ಹದಿಮೂರು ಜನರಲ್ಲಿ ಒಬ್ಬರಿಗೂ ಗೊತ್ತಿರ್ಲಿಲ್ಲ. ಅಂಥ ಅಜ್ಜಿಯ ಬಗ್ಗೆ ನಾನು ಅರಿವು ಇರ್ಲಿಲ್ಲ ಅಂತ ಬರೆದೆ.

ತಪ್ಪು ಎಲ್ಲಿ ಆಯ್ತು ಅಂತ ನಾನು ವರ್ಷಗಟ್ಟಲೆ ಯೋಚನೆ ಮಾಡಿದ್ದೇನೆ. ಮೊದಲು ಅಂದ್ಕೊಂಡೆ ಭಾಷೆ ತಪ್ಪಾಯ್ತು, ತುಳುವಿನಲ್ಲಿ ಕೇಳ್ಬೇಕಿತ್ತು ಅಂತ. ಅದು ಹೌದು, ನಮ್ಮ ಕಡೆ ಕನ್ನಡದಲ್ಲಿ ಪ್ರಶ್ನೆ ಕೇಳಿದ್ರೆ ಜನ ಸ್ಟೇಜಿನ ಮೇಲೆ ನಿಂತ ಹಾಗೆ ಉತ್ತರ ಕೊಡ್ತಾರೆ, ಇಲ್ಲವೇ ಬಾಯಿ ಮುಚ್ತಾರೆ. ಆಮೇಲೆ ಅಂದ್ಕೊಂಡೆ ಕುರ್ಚಿಯಲ್ಲಿ ಕೂತದ್ದು ತಪ್ಪು, ದಣಿಗಳ ಮನೆಯ ಹುಡುಗ ಕುರ್ಚಿಯಲ್ಲಿ ಕೂತು ನೋಟ್‌ಬುಕ್ ತೆರೆದ್ರೆ ಅವರು ಜಾಗದ ವಿಷಯ ಹೇಗೆ ಬಾಯಿ ಬಿಡ್ತಾರೆ. ಅದೂ ಹೌದು. ಆದ್ರೆ ನಿಜವಾದ ತಪ್ಪು ಪ್ರಶ್ನೆಯಲ್ಲೇ ಇತ್ತು. ನಾನು ಇಸವಿಯಿಂದ ಶುರು ಮಾಡಿದೆ. ಇಸವಿ ನನ್ನದು, ಪೇಪರಿನದ್ದು, ಕ್ಲಬ್ಬಿನದ್ದು. ಅಜ್ಜಿ ಹತ್ರ ಇದ್ದದ್ದು ಬೇಲಿ. "ಈ ಬೇಲಿ ಯಾವಾಗ ಹಾಕಿದ್ದು ಅಜ್ಜಿ" ಅಂತ ಒಂದು ಮಾತು ಕೇಳಿದ್ರೆ, ಅವರು ಹೇಳ್ತಿದ್ರೋ ಬಿಡ್ತಿದ್ರೋ, ಕಡೇ ಪಕ್ಷ ನಾನು ಆ ವಾಕ್ಯ ಬರೀತಿರ್ಲಿಲ್ಲ. "ದಾಲ ಇಜ್ಜಿ" ಅಂದದ್ದನ್ನು ನಾನು ಉತ್ತರ ಅಂತ ತಿಳ್ಕೊಂಡೆ. ಅದು ನಿನ್ನ ಹತ್ರ ಹೇಳ್ಲಿಕ್ಕೆ ಎಂತ ಇಲ್ಲ ಅನ್ನುವ ಮಾತು.

ಅದರಲ್ಲಿ ಹೋದದ್ದು ಒಂದೆರಡಲ್ಲ. ಬೀಡಿ ವಿಷಯವೇ ತಗೊಳ್ಳಿ. ಎಲೆ, ಹೊಗೆಸೊಪ್ಪು ಮಂಗಳೂರಿಂದ ಬೀಡಿ ಕಂಪೆನಿಯ ಬ್ರಾಂಚಿಗೆ ಬರ್ತಿತ್ತು, ಕಟ್ಟಿದ ಬೀಡಿ ವಾಪಸ್ ಮಂಗಳೂರಿಗೆ. ಸಾವಿರಕ್ಕೆ ಇಷ್ಟು ಅಂತ ಕನಿಷ್ಠ ಕೂಲಿ ನಿಗದಿ ಮಾಡುದು ಆಯಾ ರಾಜ್ಯ ಸರ್ಕಾರ. 1968ರಲ್ಲಿ ಕೇರಳ ಸರ್ಕಾರ ಬೀಡಿ ಕಾರ್ಮಿಕರ ಕಾನೂನು ಜಾರಿ ಮಾಡ್ತೇವೆ ಅಂದಾಗ ಮಂಗಳೂರಿನ ಕಂಪೆನಿ ಕಣ್ಣೂರಿನಲ್ಲಿ ಕೆಲಸ ನಿಲ್ಲಿಸಿ, ಸಾವಿರಾರು ಜನ ಬೀದಿಗೆ ಬಿದ್ದು, 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿದ್ದು ಎಲ್ಲ ಇತಿಹಾಸದಲ್ಲಿ ಉಂಟು. ಆ ಹೊತ್ತಿಗೆ ಗಡಿಯ ಮೇಲೇ ಇರುವ ನಮ್ಮ ಊರಿನ ಹೆಂಗಸರಿಗೆ ಯಾವ ರೇಟು ಸಿಗ್ತಿತ್ತು, ಕೇರಳದ್ದಾ, ಮೈಸೂರಿನದ್ದಾ? ಹೇಳ್ಬೇಕಾದವರು ಗೋಡೆ ಆಚೆ ಏಳು ವರ್ಷ ಇದ್ರು, ನನಗೆ ಕೇಳುವ ಮುಖ ಇರ್ಲಿಲ್ಲ.

ಹೋರಾಟ ಸುಳ್ಳು ಅಂತ ನಾನು ಹೇಳ್ತಾ ಇಲ್ಲ, ದಯವಿಟ್ಟು ಹಾಗೆ ಓದ್ಬೇಡಿ. ಕಾಸರಗೋಡು ಕರ್ನಾಟಕಕ್ಕೆ ಸೇರ್ಬೇಕು ಅಂತ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ 2015ರಲ್ಲಿ ತೀರಿಹೋದ್ರು, ಕೊನೆವರೆಗೂ ಆ ಸಂಕಟ ಅವರನ್ನು ಬಿಡ್ಲಿಲ್ಲ. 1949ರಲ್ಲಿ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಅಂತ ಕರೆದ ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಬದುಕಿನ ಕೊನೆಯ ಏಳು ವರ್ಷ, 1963ರವರೆಗೆ, ಕೇರಳದವರಾಗಿ ಕಳೆದ್ರು, ಮನೆ ಬದಲಾಯಿಸದೆ. ಕನ್ನಡ ಗೊತ್ತಿಲ್ಲದ ಮಾಷ್ಟ್ರು ಕನ್ನಡ ಮೀಡಿಯಂ ಕ್ಲಾಸಿಗೆ ಬಂದು ನಿಂತ್ರೆ ಮಕ್ಕಳ ಗತಿ ಎಂತ ಅಂತ ನನ್ನ ತಂಗಿಯ ಕ್ಲಾಸಲ್ಲೇ ನೋಡಿದ್ದೇನೆ. ಆದ್ರೆ ಊರು ಅಂದ್ರೆ ಅಷ್ಟೇ ಅಲ್ಲ, ಮತ್ತು ಯಾರಿಗೆ ಸೇರ್ಬೇಕಿತ್ತು ಅನ್ನುವ ಒಂದೇ ಪ್ರಶ್ನೆ ಇಟ್ಕೊಂಡು ಹೊರಟ್ರೆ ಉಳಿದವರೆಲ್ಲ ಸಾಕ್ಷಿಗಳಾಗ್ತಾರೆ, ಮನುಷ್ಯರಾಗುದಿಲ್ಲ.

ಇವತ್ತು ನಾನು ಆ ಲೇಖನ ಬರೀತಿದ್ರೆ ಹೊಳೆಯಿಂದ ಶುರು ಮಾಡ್ತಿದ್ದೆ. ಮಂಜೇಶ್ವರ ಹೊಳೆ ಬರೀ 16 ಕಿಲೋಮೀಟರ್, ಕೇರಳದಲ್ಲೇ ಅತಿ ಸಣ್ಣ ನದಿ ಅಂತಾರೆ, ಹುಟ್ಟುದು ಆಚೆ ಕಡೆಯ ಬಾಳೆಪುಣಿ ಗುಡ್ಡದಲ್ಲಿ, ಸೇರುದು ಈಚೆ ಕಡಲಿಗೆ. ಬಂಗ್ರಮಂಜೇಶ್ವರದಲ್ಲಿ ಜೈನ ಬಸದಿ, ಪೇಟೆಯಲ್ಲಿ ಕೊಂಕಣಿಯವರ ಅನಂತೇಶ್ವರ ದೇವಸ್ಥಾನ, ಷಷ್ಠಿ ಬಂದ್ರೆ ಕಾಲಿಡ್ಲಿಕ್ಕೆ ಜಾಗ ಇಲ್ಲ. ಉದ್ಯಾವರ ಮಾಡದ ಅರಸು ಮಂಜಿಷ್ಣಾರ್ ಕ್ಷೇತ್ರದ ಜಾತ್ರೆಗೆ ಮೊದಲು ದೈವಪಾತ್ರಿಗಳು ಸಾವಿರ ಜಮಾಅತ್ ಮಸೀದಿಗೆ ಹೋಗಿ ಜಮಾತಿನವರನ್ನು ಕರೀತಾರೆ, ಅವರು ಬರ್ತಾರೆ. ಈ ಕ್ರಮ ಊರು ಯಾವ ರಾಜ್ಯದ್ದು ಅಂತ ನೋಡಿ ಶುರುವಾದದ್ದಲ್ಲ. 1801ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಗೋಸ್ಕರ ಸೀಮೆ ಸುತ್ತಿ ವರದಿ ಬರೆದ ಬುಕಾನನ್ ಈ ದಾರಿಯಲ್ಲಿ ಮಂಗಳೂರಿಗೆ ಹೋದಾಗಲೇ ಮಲಯಾಳದ ಸೀಮೆ ಚಂದ್ರಗಿರಿಗೆ ಮುಗೀತದೆ ಅಂತ ಬರ್ಕೊಂಡಿದ್ದಾನೆ. ಅದನ್ನು ಹೋರಾಟದವರು ದಾಖಲೆ ಅಂತ ತೋರಿಸ್ತಾರೆ, ಸರಿ. ನನಗೆ ಮುಖ್ಯ ಅನ್ನಿಸುದು ಬೇರೆ, ಆಗಲೂ ಜನ ಆ ಹೊಳೆ ದಾಟಿ ಹೆಣ್ಣು ಕೊಡ್ತಿದ್ರು, ಉಪ್ಪು ಮೀನು ಮಾರ್ತಿದ್ರು. ಗೆಜೆಟಿಯರ್ ನೋಡ್ಬೇಕಾ ಅಂತ ಕೇಳಿದ್ರಲ್ಲ, ನೋಡಿ, ಒಂದು ವಾರ ಸಾಕು. ರೈಲ್ವೆಯವರ ನಕ್ಷೆಯನ್ನೂ ನೋಡಿ, ನಮ್ಮ ಸ್ಟೇಷನ್ ಬಿಡಿ, ಕರ್ನಾಟಕದ ಮಂಗಳೂರು ಸೆಂಟ್ರಲ್ಲೇ ಪಾಲಕ್ಕಾಡ್ ವಿಭಾಗದಲ್ಲಿ ಉಂಟು. ಒಂದು ಊರಿಗೆ ಒಂದೇ ಗಡಿ ಅಂತ ಇಲ್ಲ, ಕಂದಾಯದ್ದು ಬೇರೆ, ರೈಲಿನದ್ದು ಬೇರೆ, ಮದುವೆಯದ್ದು ಬೇರೆ.

ಮತ್ತು ಗಡಿ ಒಮ್ಮೆ ಆಗಿ ಮುಗಿದ ಘಟನೆಯೂ ಅಲ್ಲ. 2020ರ ಮಾರ್ಚ್ ಕೊನೆಗೆ ಕೊರೊನಾ ಅಂತ ಗಡಿ ರಸ್ತೆಗಳಿಗೆ ಮಣ್ಣು ಸುರಿದ್ರು, ಒಳದಾರಿಗಳನ್ನೂ ಬಿಡ್ಲಿಲ್ಲ. ನಮಗೆ ದೊಡ್ಡ ಆಸ್ಪತ್ರೆ ಅಂದ್ರೆ ಮಂಗಳೂರು, ಆಂಬುಲೆನ್ಸ್ ತಲಪಾಡಿಯಿಂದ ವಾಪಸ್ ಬಂತು, ನಮ್ಮ ಜಿಲ್ಲೆಯ ರೋಗಿಗಳು ತೀರಿಹೋದ್ರು, ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯ್ತು. 64 ವರ್ಷದಲ್ಲಿ ಗಡಿ ಅಷ್ಟು ಗಟ್ಟಿಯಾಗಿ ನಿಂತದ್ದು ನಾನು ಕೇಳಿರ್ಲಿಲ್ಲ. ಕಿನ್ಯದಲ್ಲಿದ್ದ ಅಜ್ಜಿಯ ತಂಗಿ ತೀರಿಹೋದಾಗ ಅಜ್ಜಿಯ ಮೊಮ್ಮಗಳಿಗೆ ಮುಖ ನೋಡ್ಲಿಕ್ಕೂ ಹೋಗ್ಲಿಕ್ಕಾಗ್ಲಿಲ್ಲ.

ಆ ಹುಡುಗಿ ಈಗ ಹೊಸಂಗಡಿಯಲ್ಲಿ ಕೆಲಸ ಮಾಡ್ತಾಳೆ. ಕಳೆದ ವರ್ಷ ಊರಿಗೆ ಹೋದಾಗ ಅವಳೇ ಕರೆದು ಒಂದು ಬಿಸ್ಕೆಟ್ ಡಬ್ಬ ತೋರಿಸಿದ್ಳು. ಒಳಗೆ ಪಟ್ಟಯ, ಮಡಚಿದಲ್ಲೆಲ್ಲ ಹರಿದು ಗಮ್‌ಟೇಪ್ ಹಾಕಿದ್ದು. ಅದರ ಕೆಳಗೆ ವರ್ಷ ವರ್ಷದ ತೀರ್ವೆ, ಅಂದ್ರೆ ಭೂಕಂದಾಯದ ರಶೀದಿ, ಹತ್ತತ್ತರ ಕಟ್ಟು, ಒಂದೊಂದು ಕಟ್ಟಿಗೂ ಬೀಡಿ ನೂಲು ಸುತ್ತಿ, ಬೀಡಿಗೆ ಹಾಕುವ ಅದೇ ಗಂಟು. ಓದ್ಲಿಕ್ಕೆ ಬಾರದ ಅಜ್ಜಿ ಒಂದು ರಶೀದಿಯನ್ನೂ ಕಳ್ಕೊಳ್ಳಲಿಲ್ಲ. ಫೋಟೋ ತೆಗೀಲಾ ಅಂತ ಕೇಳಿದೆ. ಬೇಡ ಅಂದ್ಳು. ತೆಗೀಲಿಲ್ಲ.

ನಿಮಗೆ ಹೇಳುದಾದ್ರೆ, ಹೋರಾಟಗಾರರ ಪಟ್ಟಿ ಸದ್ಯಕ್ಕೆ ಬದಿಗಿಡಿ. ಅವರ ಮಾತು ಪೇಪರಿನಲ್ಲಿ, ಭಾಷಣದಲ್ಲಿ, ಪುಸ್ತಕದಲ್ಲಿ ಆಗ್ಲೇ ಇದೆ, ಕಳೆದು ಹೋಗುದಿಲ್ಲ. ಮೊದಲು ನಿಮ್ಮ ಊರಿನ ಕೂಲಿ ಹೆಂಗಸರ, ಬಸ್ಸಿನವರ, ದೋಣಿಯವರ ಮನೆಗೆ ಹೋಗಿ, ಅವರ ಮನೆಮಾತಿನಲ್ಲಿ, ನೆಲದ ಮೇಲೆ ಕೂತು, ವಸ್ತು ತೋರಿಸಿ ಕೇಳಿ, ಈ ಬಾವಿ ಯಾರು ತೋಡಿದ್ದು, ಈ ಜಾಗ ಯಾವಾಗ ಹೆಸರಿಗಾದದ್ದು, ಹೆರಿಗೆಗೆ ಯಾವ ಕಡೆ ಹೋಗ್ತಿದ್ರಿ. ಇಸವಿ ಅವರಾಗಿ ಹೇಳುವವರೆಗೆ ನೀವು ಬಾಯಿ ಬಿಡ್ಬೇಡಿ. ನಿಮ್ಮ ಮನೆಯವರ ಜಾಗದ ದಾಖಲೆ ಮೊದಲು ತೆಗೆದು ನೋಡಿ, ನೀವು ಯಾರ ಎದುರು ಕೂತಿದ್ದೀರಿ ಅಂತ ಗೊತ್ತಿರ್ಬೇಕು. ಮತ್ತೆ ಪ್ರೆಸ್ಸಿಗೆ ಕೊಡುವ ಮೊದಲು, ಯಾರ ಬಗ್ಗೆ ಒಂದು ಸಾಲು ಬರೆದಿದ್ರೂ ಅವರ ಮನೆಗೆ ಹೋಗಿ ಆ ಸಾಲನ್ನು ಅವರ ಎದುರೇ ಜೋರಾಗಿ ಓದಿ ಹೇಳಿ. ನನ್ನ ಆ ವಾಕ್ಯ ಅಜ್ಜಿ ಕೇಳಿದ್ದು ಅಚ್ಚಾದ ಮೇಲೆ, ಏಳನೇ ಕ್ಲಾಸಿನ ಹುಡುಗಿಯ ಬಾಯಲ್ಲಿ.

ನಿಮ್ಮ ಊರು ಯಾವುದು ಅಂತ ಬರೀಲಿಲ್ಲ ನೀವು. ಕಾಸರಗೋಡು ಕಡೆಯದ್ದಾದ್ರೆ ಹಳೇ ಜಾಗದ ಕಾಗದ ಓದ್ಲಿಕ್ಕೆ ನಾನು ಸಹಾಯ ಮಾಡ್ತೇನೆ, ಕೆಳಗೆ ಬರೀರಿ.